ರೇಡಿಯೇಟರಿನ ಹೊಟ್ಟೆಯಲ್ಲಿ ಅರಿಶಿನ

ಹಳೆಯ ರೇಡಿಯೇಟರನ್ನು ಅಂಗಳದ ಚಪ್ಪಡಿ ಕಲ್ಲಿನ ಮೇಲೆ ಬೋರಲು ಹಾಕಿ ತಟ್ಟಿದಾಗ ಉದುರಿದ್ದು ತುಕ್ಕಲ್ಲ, ಹಳದಿ ಕೆಸರು. ಮೂಸಿ ನೋಡಿದೆ. ಕಂಪು ಎಂದೋ ಹೋಗಿತ್ತು, ಬಣ್ಣ ಮಾತ್ರ ಗಟ್ಟಿಯಾಗಿ ನಿಂತಿತ್ತು. 'ಅರಿಶಿನ ಸಾರ್' ಎಂದರು ಮನೆಯ ಯಜಮಾನರು. 'ನಮ್ಮ ಅಡುಗೆಮನೆದೇ' ಎಂದು ಅವರ ಹೆಂಡತಿ ಒಳಗಿನಿಂದ ಸೇರಿಸಿದರು.

ನಾನು ಸಿರುಮುಗೈಗೆ ಹೋಗಿದ್ದು ರೇಷ್ಮೆ ಮಗ್ಗ ನೋಡಲು. ಮೇಟ್ಟುಪಾಳಯದಿಂದ ಸತ್ಯಮಂಗಲದ ಕಡೆ ಹೊರಟರೆ ಭವಾನಿ ನದಿಯ ಬದಿಗೆ ಸಿಗುವ ಈ ಊರಿನ ಮೆದು ರೇಷ್ಮೆ ಸೀರೆಗಳ ಹೆಸರು ನಮ್ಮ ಕಡೆಯ ಮದುವೆ ಮನೆಗಳಿಗೂ ಗೊತ್ತು. ನೇಯುವವರಲ್ಲಿ ದೇವಾಂಗರು ಬಹಳ. ಓದು ಬರಹವೆಲ್ಲ ತಮಿಳಿನಲ್ಲಿ ಆದರೂ ಮನೆಯೊಳಗೆ ತಲೆಮಾರುಗಳಿಂದ ಉಳಿಸಿಕೊಂಡು ಬಂದ ಕನ್ನಡ. ಮಗ್ಗದ ಜೊತೆ ಆ ಕನ್ನಡವನ್ನೂ ಕೇಳಬಹುದೆಂದು ಹೋದವನಿಗೆ ಎದುರಾದದ್ದು ಬಾನೆಟ್ ತೆರೆದು ನಿಂತ ಮಾರುತಿ 800. ಪಕ್ಕದಲ್ಲಿ ಗೋಣಿಚೀಲ ಹಾಸಿ ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಮಗ್ಗ ಅವತ್ತು ಮಧ್ಯಾಹ್ನದವರೆಗೆ ಕಾಯಿತು.

ಈ ಊರಿನ ಕಾರುಗಳಿಗೆ ರೇಡಿಯೇಟರ್ ಎಂದರೆ ಜೀವ. ಮೇಟ್ಟುಪಾಳಯ ದಾಟಿದರೆ ಘಾಟಿ ಶುರು. 1899ರಲ್ಲಿ ಕೂನೂರಿಗೆ, 1908ರಲ್ಲಿ ಊಟಿಗೆ ತಲುಪಿದ ಹಲ್ಲುಹಳಿಯ ಪುಟ್ಟ ರೈಲಿನ ಉಗಿ ಎಂಜಿನ್ನೂ ದಾರಿಯಲ್ಲಿ ನಿಂತು ನಿಂತು ನೀರು ಕುಡಿದೇ ಏರುತ್ತದೆ. ಅಂಬಾಸಿಡರ್ ಕಾಲದಲ್ಲಿ ಕಾರುಗಳದ್ದೂ ಅದೇ ಪಾಡು. ಸುಮಾರು 2,200 ಮೀಟರ್ ಎತ್ತರದ ಊಟಿಯಲ್ಲಿ ಗಾಳಿಯ ಒತ್ತಡ ಕಡಿಮೆ, ತೆರೆದ ಪಾತ್ರೆಯ ನೀರು 93 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ. ಕಾರನ್ನು ಕಾಯುವುದು ರೇಡಿಯೇಟರಿನ ಮುಚ್ಚಳ. ಇವರ ಕಾರಿನದರ ಮೇಲೆ 0.9 ಎಂದು ಅಚ್ಚೊತ್ತಿತ್ತು. ಹೊರಗಿನ ಗಾಳಿಗಿಂತ ಸುಮಾರು ಅಷ್ಟು ಬಾರ್ ಹೆಚ್ಚು ಒತ್ತಡವನ್ನು ಅದರ ಸ್ಪ್ರಿಂಗ್ ತಡೆದಿಡುತ್ತದೆ. ಹಾಗಾಗಿ ಬಯಲಿನಲ್ಲಿ ಬರೀ ನೀರೇ ಇದ್ದರೂ 118 ಡಿಗ್ರಿಯ ಹತ್ತಿರ, ಊಟಿಯಲ್ಲಿ 114ರ ಸುಮಾರಿಗೆ ಕುದಿತ. ಎಂಜಿನ್ ಬಿಸಿಯಿರುವಾಗ ಮುಚ್ಚಳ ತಿರುಗಿಸಿದವರ ಮುಖ ಸುಡುವುದು ಇದೇ ಕಾರಣಕ್ಕೆ. ತಡೆದಿಟ್ಟ ಒತ್ತಡ ಒಮ್ಮೆಲೇ ಇಳಿದು, ನೀರಿನ ಒಂದು ಸಣ್ಣ ಪಾಲು ಆ ಕ್ಷಣಕ್ಕೆ ಉಗಿಯಾಗಿ ಉಳಿದ ಬಿಸಿನೀರನ್ನೂ ಎಗರಿಸುತ್ತದೆ.

ಇನ್ನು ಅರಿಶಿನ. ರೇಡಿಯೇಟರ್ ಸೋರಿದರೆ ಎರಡು ಚಮಚ ಅರಿಶಿನ ಪುಡಿ ಹಾಕಿ ಎಂಬ ಉಪಾಯವನ್ನು ಲಾರಿ ಚಾಲಕರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೆ, ನಂಬಿರಲಿಲ್ಲ. ನಿಜವಾಗಿಯೂ ಕೆಲಸ ಮಾಡುತ್ತದೆ. ಅರಿಶಿನದ ಕೊಂಬಿನಲ್ಲಿ ಪಿಷ್ಟ ತುಂಬಿದೆ. ಕುದಿಬಿಸಿಯಲ್ಲಿ ಆ ಕಣಗಳು ಗಂಜಿಯಂತೆ ಉಬ್ಬುತ್ತವೆ, ನೀರಿನ ಜೊತೆ ತೂತಿನ ಬಾಯಿಗೆ ಬಂದು ಅಲ್ಲೇ ಕಚ್ಚಿಕೊಳ್ಳುತ್ತವೆ. ಹೊರಗಿನ ಗಾಳಿ ತಾಗಿ ಒಣಗಿದರೆ ಬಿರಟೆ ಹಾಕಿದ ಹಾಗೆ. ನೂಲಿಗೆ ಗಂಜಿ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೂನೂರು ದಾರಿಯ ತಿರುವೊಂದರಲ್ಲಿ, ಮಳೆಯಲ್ಲಿ, ಈ ದಂಪತಿಯನ್ನು ಮನೆ ಮುಟ್ಟಿಸಿದ್ದು ಅಂಗಡಿಯಲ್ಲಿ ಸಿಕ್ಕ ಒಂದು ಪೊಟ್ಟಣ ಅರಿಶಿನ. ಆಮೇಲೆ ಅದೇ ರೂಢಿಯಾಯಿತು. ಸೋರಿದಾಗಲೆಲ್ಲ ಮನೆಯ ಡಬ್ಬಿಯಿಂದ ಇನ್ನೆರಡು ಚಮಚ. ಆದರೆ ತೂತು ಯಾವುದು, ಕೊಳವೆ ಯಾವುದು ಎಂಬ ವಿವೇಕ ಪಿಷ್ಟಕ್ಕಿಲ್ಲ. ಬಾವಿನೀರಿನ ಸುಣ್ಣ ಮೊದಲೇ ಕಟ್ಟಿದ್ದ ಸಣ್ಣ ಕೊಳವೆಗಳಲ್ಲಿ ಅದೂ ಸೇರಿ, ಅರ್ಧಕ್ಕರ್ಧ ಮುಚ್ಚಿಹೋಗಿದ್ದವು. ಈ ಉಪಾಯ ದಾರಿಯಲ್ಲಿ ಒಂದು ಸಲಕ್ಕೆ ಸರಿ, ಎರಡನೆಯ ಸಲಕ್ಕೆ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಡಬ್ಬಿಯಲ್ಲಿ ಮಾರುವ ಸೋರಿಕೆ ತಡೆಯುವ ಪುಡಿಗಳ ಬಗ್ಗೆಯೂ ಅದನ್ನೇ ಹೇಳುತ್ತೇನೆ.

1901ರ ಮರ್ಸಿಡಿಸ್ ಕಾರಿಗೆ ವಿಲ್ಹೆಲ್ಮ್ ಮೇಬ್ಯಾಕ್ ಜೇನುಗೂಡಿನಂಥ ರೇಡಿಯೇಟರ್ ಮಾಡಿದಾಗ ಅದರಲ್ಲಿ 8,070 ಪುಟ್ಟ ಕೊಳವೆಗಳಿದ್ದವು. ಮುಂದೆ ತಾಮ್ರ ಹಿತ್ತಾಳೆಯವು ಬಂದವು, ಬೆಸುಗೆ ಹಾಕಿ ಎಷ್ಟು ವರ್ಷವಾದರೂ ಓಡಿಸಬಹುದಿತ್ತು. ಈಗಿನದು ಅಲ್ಯೂಮಿನಿಯಂ, ಎರಡು ತುದಿಗೆ ಪ್ಲಾಸ್ಟಿಕ್ ತೊಟ್ಟಿ. ತೊಟ್ಟಿ ಬಿರಿದರೆ ಬದಲಾಯಿಸುವುದೇ.

ಬದಲಾಯಿಸುವ ಕೆಲಸ ಮಾರುತಿ 800ರಲ್ಲಿ ಮನೆಯಲ್ಲೇ ಆಗುವಂಥದ್ದು. ರಾತ್ರಿಯೆಲ್ಲ ತಣಿದ ಎಂಜಿನ್. ಮೊದಲು ಬ್ಯಾಟರಿಯ ಮೈನಸ್ ವೈರ್ ಬಿಚ್ಚಿದರು. ಕೆಳಗೆ ಅಗಲ ಬೇಸಿನ್ ಇಟ್ಟು ಡ್ರೈನ್ ಪ್ಲಗ್ ಸಡಿಲಿಸಿದರು. ಬೇಸಿನ್ ತುಂಬುತ್ತಲೇ ಅದನ್ನು ಹಲಗೆಯಿಂದ ಮುಚ್ಚಿದ್ದು ನೋಡಿ ನನಗೆ ಅವರ ಮೇಲೆ ಗೌರವ ಹೆಚ್ಚಿತು. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿ ನೆಕ್ಕಿದರೆ ಸಾಯುತ್ತದೆ. ಮೇಲಿನ ಹೋಸ್ ಸುಲಭಕ್ಕೆ ಬಂತು. ಕೆಳಗಿನದು ಅಂಟಿಕೊಂಡಿತ್ತು. ಎಳೆಯಲಿಲ್ಲ, ಉದ್ದಕ್ಕೆ ಬ್ಲೇಡಿನಿಂದ ಸೀಳಿ ತೆಗೆದರು. ಹೇಗೂ ಹೊಸದು ತಂದಿದ್ದರು. ಫ್ಯಾನಿನ ವೈರ್ ಕಳಚಿ, 10ರ ಸ್ಪ್ಯಾನರಿನಲ್ಲಿ ಬೋಲ್ಟು ಬಿಚ್ಚಿ ಮೇಲಕ್ಕೆತ್ತಿದರೆ ಹಳೆಯದು ಹೊರಗೆ.

ಹೊಸದರ ಒಂದು ಮೂಲೆಯಲ್ಲಿ ರೆಕ್ಕೆಗಳು ಬಗ್ಗಿದ್ದವು. ಅವರು ಒಳಗೆ ಹೋಗಿ ಸವೆದ ಹಳೆಯ ಹಣಿಗೆಯ ಒಂದು ತುಂಡು ತಂದರು. ಹಾಸಿನ ಎಳೆಗಳನ್ನು ಬೇರೆ ಬೇರೆಯಾಗಿ ಹಿಡಿಯುವ ಆ ಉಕ್ಕಿನ ಕಡ್ಡಿಗಳನ್ನು ಕಾಗದದಷ್ಟು ತೆಳುವಾದ ರೆಕ್ಕೆಗಳ ನಡುವೆ ತೂರಿಸಿ, ಉಸಿರು ಬಿಗಿಹಿಡಿದು ಒಂದೊಂದನ್ನೇ ನೆಟ್ಟಗೆ ಮಾಡಿದರು. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಗ್ಯಾರೇಜಿನಲ್ಲಿ ಇಷ್ಟು ತಾಳ್ಮೆ ನಾನು ಕಂಡಿಲ್ಲ.

ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಬೆರೆಸಿ ಸುರಿದು, ಬ್ಯಾಟರಿ ವೈರ್ ಕೂಡಿಸಿ, ಮುಚ್ಚಳ ತೆರೆದೇ ಎಂಜಿನ್ ಚಾಲೂ ಮಾಡಿದರು. ಬಾಯಲ್ಲಿ ಗುಳುಗುಳು ಗುಳ್ಳೆ. ಸ್ವಲ್ಪ ಹೊತ್ತಿಗೆ ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾಯಿತು, ಮಟ್ಟ ದಡಕ್ಕನೆ ಇಳಿಯಿತು. ಮತ್ತೆ ಸುರಿದರು. ಗುಳ್ಳೆ ನಿಂತ ಮೇಲೆಯೇ ಮುಚ್ಚಳ. ಫ್ಯಾನ್ ತಾನಾಗಿ ತಿರುಗಿತು, ನಿಂತಿತು, ಮತ್ತೆ ತಿರುಗಿತು.

ಮರುದಿನ ಬೆಳಿಗ್ಗೆ ನಾನು ಹೊರಡುವ ಮುಂಚೆ ತಣ್ಣಗಿದ್ದ ಮುಚ್ಚಳ ತೆರೆದು ತೋರಿಸಿದರು. ಒಂದು ಬೆರಳಿನಷ್ಟು ಇಳಿದಿತ್ತು. ತುಂಬಿಸಿದರು. ಕಾರಿನ ಅಡಿಯ ನೆಲ ಒಣಗಿತ್ತು. ಹಣಿಗೆಯ ತುಂಡು ಆಗಲೇ ಮಗ್ಗದ ಪಕ್ಕದ ಗೂಡಿಗೆ ಹೋಗಿತ್ತು.