ಎಳೆಸಸಿಗೂ ಬೇಕು ಹೊದಿಕೆ

ಹುತ್ತರಿ ಕಳೆದು ಗದ್ದೆಯ ಕುಯಿಲು ಮುಗಿಯಿತೆಂದರೆ ಕೊಡಗಿನಲ್ಲಿ ಚಳಿ ಬಿಗಿಯಾಗುತ್ತದೆ. ಶನಿವಾರಸಂತೆಯ ಸುತ್ತಮುತ್ತ, ಬತ್ತ ಕೊಯ್ದ ಗದ್ದೆಗಳಲ್ಲಿ ಹಸಿಮೆಣಸಿನಕಾಯಿ ಬೆಳೆಯುವ ರೈತರಿಗೆ ಸಸಿ ಬೇಕಾಗುವುದು ಈ ಚಳಿಯಲ್ಲೇ. ಆದರೆ ಮೆಣಸಿನಗಿಡಕ್ಕೆ ಬೆಚ್ಚನೆಯ ಹವೆ ಬೇಕು. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ನ ಸಮೀಪಕ್ಕೆ ಇಳಿದರೆ ಅದರ ಬೆಳವಣಿಗೆ ಬಹುಮಟ್ಟಿಗೆ ನಿಂತುಹೋಗುತ್ತದೆ. ಮಡಿಯಲ್ಲೇ ಸಸಿ ಸೊರಗಿದರೆ ಮನೆಯವರ ಇಡೀ ಬೆಳೆ ಹಿಂದೆ ಬೀಳುತ್ತದೆ.

ರಾತ್ರಿ ಸಸಿಮಡಿಗೆ ಬತ್ತದ ಹುಲ್ಲನ್ನೋ ಬಿದಿರಿನ ಬುಟ್ಟಿಯನ್ನೋ ಮುಚ್ಚಿದರೆ ರಕ್ಷಣೆ ಸಿಗುತ್ತದೆ. ಹೇಗೆ? ಸಸಿಗೆ ನಮ್ಮಂತೆ ಮೈಶಾಖವಿಲ್ಲ. ಸುತ್ತಲಿನ ಗಾಳಿಯೇ ತಣ್ಣಗಿರುವಾಗ ತೆಳುವಾದ ಹೊದಿಕೆಯಿಂದೇನು ಫಲ?

ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್‌ಗೂ ಹೀಗೇ ಅನಿಸಿತ್ತು. ತೋಟಗಾರರು ಗಿಡಗಳಿಗೆ ಚಾಪೆ ಹೊದಿಸುವುದನ್ನು ಕಂಡು ಆತ ನಕ್ಕಿದ್ದುಂಟು. ಆಮೇಲೆ ಹುಲ್ಲಿನ ಮೇಲೆ ಕಡ್ಡಿಗಳನ್ನು ನೆಟ್ಟು, ಸುಮಾರು ಆರು ಅಂಗುಲ ಎತ್ತರದಲ್ಲಿ ಒಂದು ಕರವಸ್ತ್ರ ಕಟ್ಟಿ ಅಳೆದು ನೋಡಿದ. ಕರವಸ್ತ್ರದ ಕೆಳಗಿನ ಹುಲ್ಲು ಬಯಲಿನ ಹುಲ್ಲಿಗಿಂತ ಬೆಚ್ಚಗಿತ್ತು! 1814ರಲ್ಲಿ ಪ್ರಕಟಿಸಿದ ಇಬ್ಬನಿಯ ಕುರಿತ ಪ್ರಬಂಧದಲ್ಲಿ, ತನ್ನ ನಗು ಅರೆಜ್ಞಾನದ ಅಹಂಕಾರವಾಗಿತ್ತೆಂದು ಆತನೇ ಒಪ್ಪಿಕೊಂಡ.

ಮರ್ಮವಿಷ್ಟೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲವೂ ಎಲೆಗಳೂ ತಮ್ಮ ಶಾಖವನ್ನು ವಿಕಿರಣದ ಮೂಲಕ ಆಕಾಶಕ್ಕೆ ಕಳೆದುಕೊಳ್ಳುತ್ತವೆ. ಎಲೆಯು ಗಾಳಿಗಿಂತಲೂ ಕೆಲವು ಡಿಗ್ರಿ ಹೆಚ್ಚು ತಣ್ಣಗಾಗುತ್ತದೆ. ಹೊದಿಕೆ ಈ ಶಾಖವನ್ನು ತಡೆದು, ಒಂದು ಪಾಲನ್ನು ಕೆಳಕ್ಕೆ ಮರಳಿಸುತ್ತದೆ. ಮೋಡ ಕವಿದ ರಾತ್ರಿ ಚಳಿ ಕಡಿಮೆಯಾಗುವುದೂ ಇದರಿಂದಲೇ. ತಣ್ಣನೆಯ ಗಾಳಿ ಭಾರವಾದ್ದರಿಂದ ಇಳಿಜಾರಿನಲ್ಲಿ ಜಾರಿ ತಗ್ಗಿನ ಗದ್ದೆಗಳಲ್ಲಿ ನಿಲ್ಲುತ್ತದೆ. ಹಾಗಾಗಿ ಸಸಿಮಡಿಯನ್ನು ತುಸು ಎತ್ತರದಲ್ಲಿ ಮಾಡುವುದು ಜಾಣತನ.

ಎಲೆಯ ಉಷ್ಣತೆ ಸೊನ್ನೆಗಿಂತ ಕೆಳಗಿಳಿದರೆ ಇಬ್ಬನಿಯ ಬದಲು ಹಿಮದ ಹರಳು ಕಟ್ಟುತ್ತದೆ. ನೀಲಗಿರಿಯ ಊಟಿಯಲ್ಲಿ ಚಳಿಗಾಲದ ಬೆಳಗಿನಲ್ಲಿ ಇದನ್ನು ಕಾಣಬಹುದು. ಇಂಥ ಹಿಮದಿಂದ ತರಕಾರಿ ಉಳಿಸಲು ಪ್ಯಾರಿಸ್ಸಿನ ತೋಟಗಾರರು 19ನೆಯ ಶತಮಾನದಲ್ಲಿ ಗಿಡಗಳ ಮೇಲೆ ಗಾಜಿನ ಗಂಟೆ ಕವುಚುತ್ತಿದ್ದರು. ಅದರ ಹೆಸರು ‘ಕ್ಲಾಷ್’. ಫ್ರೆಂಚ್ ಭಾಷೆಯಲ್ಲಿ ಹಾಗೆಂದರೆ ಗಂಟೆ ಎಂದೇ ಅರ್ಥ. ಗಾಜು ಹಗಲಿನ ಬೆಳಕನ್ನು ಒಳಗೆ ಬಿಡುತ್ತದೆ, ರಾತ್ರಿಯ ಶಾಖವನ್ನು ಹೊರಗೆ ಬಿಡದು. ತೆಳು ಪಾಲಿಥೀನ್ ಹಾಳೆ ಶಾಖವನ್ನು ಅಷ್ಟಾಗಿ ತಡೆಯದು. ಚಳಿ ಹೆಚ್ಚಿದ್ದರೆ ಅದರ ಮೇಲೂ ಹುಲ್ಲು ಹೊದಿಸಬೇಕು.

ಒಂದು ಎಚ್ಚರಿಕೆ. ಬಿಸಿಲೇರಿದ ಮೇಲೂ ಗಾಜು, ಪಾಲಿಥೀನ್ ಮುಚ್ಚಿಯೇ ಇದ್ದರೆ ಸಸಿ ಬೆಂದುಹೋಗುತ್ತದೆ. ಹುಲ್ಲು, ಬುಟ್ಟಿ ಮುಚ್ಚಿಯೇ ಇದ್ದರೆ ಬೆಳಕಿಲ್ಲದೆ ಬಿಳಿಚಿಕೊಳ್ಳುತ್ತದೆ. ಸಂಜೆ ಮುಚ್ಚಿ, ಬೆಳಿಗ್ಗೆ ತೆಗೆಯಬೇಕು.

ಇದನ್ನು ನೀವೇ ಪರೀಕ್ಷಿಸಬಹುದು. ಚಳಿಗಾಲದ ತಿಳಿಯಾದ ರಾತ್ರಿ ಬಯಲಿನಲ್ಲಿ ಎರಡು ತಟ್ಟೆಗಳನ್ನಿಡಿ. ಒಂದರ ಮೇಲೆ, ಗೇಣೆತ್ತರದಲ್ಲಿ, ನಾಲ್ಕು ಕಡ್ಡಿಗಳಿಗೆ ಬಟ್ಟೆ ಕಟ್ಟಿ. ಬೆಳಿಗ್ಗೆ ಇಬ್ಬನಿ ಯಾವ ತಟ್ಟೆಯಲ್ಲಿ ಹೆಚ್ಚು ಕೂತಿದೆ, ನೋಡಿ. ಹಾಗೆಯೇ ನಿಮ್ಮ ಊರಿನ ಹಿರಿಯರು ಸಸಿಗಳನ್ನು ಹೇಗೆ ಕಾಪಾಡುತ್ತಾರೆಂದು ಕೇಳಿ ತಿಳಿಯಿರಿ. ನಗುವ ಮೊದಲು ಅಳೆದು ನೋಡುವುದೇ ವಿಜ್ಞಾನ.