ಡಬ್ಬಿ ಹಿಡಿದು ನಿಂತ ಪಿಯಾನೊ ವಾದಕ

ಯುದ್ಧದ ಚಿತ್ರಗಳೆಂದರೆ ನನಗೆ ಅಷ್ಟಕ್ಕಷ್ಟೆ. ಟ್ಯಾಂಕುಗಳ ಗರ್ಜನೆ, ಸೇನಾನಿಯ ವೀರಾವೇಶ ಬಹುಬೇಗ ಬೇಸರ ತರಿಸುತ್ತವೆ. ಆದರೆ ಯುದ್ಧದ ನಡುವೆ ಹೇಗೋ ಜೀವ ಉಳಿಸಿಕೊಂಡವರ ನಿಜಕಥೆಗಳ ಸೆಳೆತವೇ ಬೇರೆ. ರೋಮನ್ ಪೊಲಾನ್‌ಸ್ಕಿ 2002ರಲ್ಲಿ ತೆರೆಗೆ ತಂದ ‘ದಿ ಪಿಯಾನಿಸ್ಟ್’ ಚಿತ್ರವನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅನ್ಯರ ಸಂಕಟವನ್ನು ಹೀಗೆ ಪದೇಪದೇ ನೋಡಬೇಕೆನಿಸುವುದು ಏಕೆ?

ಪೋಲೆಂಡ್ ರೇಡಿಯೊದ ಪಿಯಾನೊ ವಾದಕ ವ್ಲಾದಿಸ್ಲಾವ್ ಶ್ಪಿಲ್ಮನ್ ಯಹೂದಿ. 1942ರಲ್ಲಿ ವಾರ್ಸಾದ ಘೆಟ್ಟೊದಿಂದ ಯಹೂದಿಗಳನ್ನು ಟ್ರೆಬ್ಲಿಂಕಾದ ಹತ್ಯಾ ಶಿಬಿರಕ್ಕೆ ಸಾಗಿಸುವಾಗ ಆತನ ತಂದೆ, ತಾಯಿ, ತಮ್ಮ, ಸಹೋದರಿಯರು ರೈಲು ಹತ್ತಿದರು. ಸಾಲಿನಲ್ಲಿದ್ದ ಈತನೊಬ್ಬನನ್ನು ಯಾರೋ ಹೊರಗೆಳೆದರು. ಮುಂದೆ ಆತ ಮಾಡಿದ್ದು ಅಡಗಿಕೊಂಡದ್ದು, ಹಸಿದದ್ದು, ಸದ್ದಿಲ್ಲದೆ ಉಸಿರಾಡಿದ್ದು. 1943ರ ಘೆಟ್ಟೊ ದಂಗೆಯನ್ನೂ ಚಿತ್ರದಲ್ಲಿ ಆತ ನೋಡುವುದು ಕಿಟಕಿಯಿಂದಲೇ. ಅಡಗಿದ ಮನೆಯಲ್ಲಿ ಪಿಯಾನೊ ಇದೆ, ನುಡಿಸುವಂತಿಲ್ಲ. ಕೀಲಿಗಳನ್ನು ಮುಟ್ಟದೆ ಗಾಳಿಯಲ್ಲೇ ಬೆರಳಾಡಿಸುತ್ತಾನೆ. ಕೊನೆಗೆ ಪಾಳುಬಿದ್ದ ಮನೆಯೊಂದರಲ್ಲಿ ಸೌತೆಕಾಯಿ ಉಪ್ಪಿನಕಾಯಿಯ ಡಬ್ಬಿಯನ್ನು ತೆರೆಯಲು ಹೆಣಗುವಾಗ ಅದು ಉರುಳಿ, ಜರ್ಮನ್ ಅಧಿಕಾರಿಯ ಬೂಟುಗಳ ಬಳಿ ನಿಲ್ಲುತ್ತದೆ.

ಸೆಳೆತದ ಗುಟ್ಟು ಆ ಡಬ್ಬಿಯಲ್ಲಿದೆಯೆಂದು ನನ್ನ ಭಾವನೆ. ವೀರನ ಜಾಗದಲ್ಲಿ ನಮ್ಮನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಹಸಿದವನ, ಹೆದರಿದವನ ಜಾಗದಲ್ಲಿ ಕಷ್ಟವೇನಲ್ಲ. ಪೊಲಾನ್‌ಸ್ಕಿಗಂತೂ ಅದು ಕಲ್ಪನೆಯೂ ಆಗಿರಲಿಲ್ಲ. ಬಾಲಕನಾಗಿ ಆತ ಕ್ರಾಕೊ ಘೆಟ್ಟೊದಿಂದ ಪಾರಾದವನು. ತಾಯಿ ಆಶ್‌ವಿಟ್ಸ್‌ನಲ್ಲಿ ಹತಳಾದಳು. ಚಿತ್ರದಲ್ಲಿ ಕಣ್ಣೀರನ್ನು ಕೋರುವ ಸಂಭಾಷಣೆಗಳು ವಿರಳವಾಗಿರುವುದು ಆಕಸ್ಮಿಕವಿರಲಾರದು.

ಆದರೂ ಒಂದು ಅಳುಕು ಉಳಿಯುತ್ತದೆ. ಆ ಘೆಟ್ಟೊದಲ್ಲಿ ಒಂದು ಹಂತದಲ್ಲಿ 4 ಲಕ್ಷಕ್ಕೂ ಹೆಚ್ಚು ಜನರಿದ್ದರು. ಕ್ಯಾಮೆರಾ ಬೆನ್ನು ಹತ್ತುವುದು ಬದುಕಿದವನನ್ನು. ಅಪವಾದವೇ ಕಥೆಯಾಗಿ, ಜಾಣ್ಮೆಯಿದ್ದವರು ಉಳಿದರೆಂಬ ಭ್ರಮೆ ನಮ್ಮಲ್ಲಿ ಮೂಡಬಹುದು. ‘ದಿ ಪಿಯಾನಿಸ್ಟ್’ ಈ ಬಲೆಗೆ ಬೀಳುವುದಿಲ್ಲ. ರೈಲು ಹತ್ತಿದ ಕುಟುಂಬ ಮತ್ತೆ ತೆರೆಯ ಮೇಲೆ ಬರುವುದೇ ಇಲ್ಲ. ಶ್ಪಿಲ್ಮನ್ ಉಳಿದದ್ದು ಜಾಣ್ಮೆಯಿಂದಲ್ಲ, ಯಾರ್‍ಯಾರದೋ ಕೈಗಳಿಂದ, ಬರಿಯ ಅದೃಷ್ಟದಿಂದ.

ಆ ಜರ್ಮನ್ ಅಧಿಕಾರಿ ವಿಲ್ಮ್ ಹೋಸನ್‌ಫೆಲ್ಡ್. ಪಿಯಾನೊ ನುಡಿಸುವಂತೆ ಹೇಳಿದ. ಶ್ಪಿಲ್ಮನ್ ನುಡಿಸಿದ್ದು ಶೋಪನ್‌ನ ಪುಟ್ಟ ನಾಕ್ಟರ್ನ್. ಚಿತ್ರದಲ್ಲಿ ಅದು ದೀರ್ಘವಾದ ಬಲಾಡ್ ಆಗಿದೆ. (ತೆರೆಗೆ ದೊಡ್ಡ ಕೃತಿಯೇ ಬೇಕಿತ್ತೇನೋ.) ಅಧಿಕಾರಿ ರೊಟ್ಟಿ ತಂದುಕೊಟ್ಟ, ತನ್ನ ಕೋಟನ್ನೂ ಕೊಟ್ಟ. ಉಳಿದವನು 2000ದವರೆಗೆ, 88 ವರ್ಷ ಬಾಳಿದ. ಉಳಿಸಿದವನು 1952ರಲ್ಲಿ ಸೋವಿಯತ್ ಸೆರೆಯಲ್ಲಿ ಸತ್ತ. ಬಿಡಿಸಲು ಶ್ಪಿಲ್ಮನ್ ಮಾಡಿದ ಯತ್ನ ಫಲಿಸಲಿಲ್ಲ. 1946ರಲ್ಲಿ ಪೋಲೆಂಡಿನಲ್ಲಿ ಶ್ಪಿಲ್ಮನ್‌ನ ನೆನಪುಗಳು ಪುಸ್ತಕವಾದಾಗ, ಒಳ್ಳೆಯ ಜರ್ಮನನೊಬ್ಬನನ್ನು ಆ ದೇಶ ಸಹಿಸುವ ಸ್ಥಿತಿಯಲ್ಲಿರಲಿಲ್ಲ. ಅದರ ಪುಟಗಳಲ್ಲಿ ಅಧಿಕಾರಿಯನ್ನು ಆಸ್ಟ್ರಿಯಾದವನೆಂದು ಬರೆಯಲಾಗಿತ್ತು.