ಸಾಹಿತ್ಯದ ತರಗತಿಯೂ ಬರವಣಿಗೆಯ ಕಸುಬೂ

ಕನ್ನಡ ಎಂ.ಎ. ಎಂದರೆ ಕವಿ-ಕಾದಂಬರಿಕಾರರನ್ನು ರೂಪಿಸುವ ವ್ಯಾಸಂಗ ಎಂಬ ಭಾವನೆ ಅದಕ್ಕೆ ಸೇರುವವರಲ್ಲೂ ಸೇರಿಸುವ ಮನೆಯವರಲ್ಲೂ ಬಲವಾಗಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1927ರಲ್ಲಿ ಈ ವ್ಯಾಸಂಗ ಆರಂಭವಾದಾಗ ಮೊದಲ ತಂಡದಲ್ಲೇ ಕುವೆಂಪು ಇದ್ದುದು ಆ ಭಾವನೆಗೆ ಇಂಬು ಕೊಟ್ಟಿರಲೂಬಹುದು. ಆದರೆ ಅದೇ ತಂಡದಲ್ಲಿ ಓದಿದ ಡಿ.ಎಲ್. ನರಸಿಂಹಾಚಾರ್ಯರು ಮುಂದೆ ಹೆಸರಾದದ್ದು ಗ್ರಂಥಸಂಪಾದನೆಯಲ್ಲಿ, ಅಂದರೆ ಒಂದು ಕೃತಿಯ ಹಲವು ಓಲೆಗರಿ ಪ್ರತಿಗಳನ್ನು ಹೋಲಿಸಿ, ಲಿಪಿಕಾರರ ಕೈತಪ್ಪುಗಳನ್ನು ಬೇರ್ಪಡಿಸಿ, ಕವಿ ಬರೆದಿರಬಹುದಾದ ಪಾಠವನ್ನು ನಿರ್ಧರಿಸುವ ಶಾಸ್ತ್ರದಲ್ಲಿ. ಎಂ.ಎ. ತರಗತಿಯ ಸ್ವಭಾವಕ್ಕೆ ನಿಜವಾಗಿ ಹತ್ತಿರವಿರುವುದು ಈ ಎರಡನೆಯ ಉದಾಹರಣೆ. ಹಳಗನ್ನಡ ಕಾವ್ಯ, ಛಂದಸ್ಸು, ಶಾಸನ, ವ್ಯಾಕರಣ, ಕಾವ್ಯಮೀಮಾಂಸೆ ಮುಂತಾದವು ಓದುವುದನ್ನು ಕಲಿಸುವ ವಿಷಯಗಳೇ ಹೊರತು ಬರೆಯುವುದನ್ನು ಕಲಿಸುವಂಥವಲ್ಲ. ಮಾಸ್ತಿ ಓದಿದ್ದು ಇಂಗ್ಲಿಷ್ ಸಾಹಿತ್ಯವನ್ನು, ಗಿರೀಶ ಕಾರ್ನಾಡರು ಧಾರವಾಡದಲ್ಲಿ ಪದವಿ ಪಡೆದದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ. ಶಿವರಾಮ ಕಾರಂತರಂತೂ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜನ್ನೇ ಬಿಟ್ಟರು. ಮೂವರಿಗೂ ಜ್ಞಾನಪೀಠ ಬಂತು.

ಇದರಿಂದ ಹಲವರು ಇನ್ನೊಂದು ತುದಿಗೆ ಜಾರಿ, ಬರವಣಿಗೆ ಹುಟ್ಟಿನಿಂದ ಬರಬೇಕಾದದ್ದು, ಕಲಿಸಿದರೆ ಬರುವಂಥದಲ್ಲ, ಕಲಿಸುತ್ತೇವೆನ್ನುವುದು ಪಶ್ಚಿಮದವರ ಹೊಸ ವ್ಯಾಪಾರ ಎಂದು ತೀರ್ಮಾನಿಸುತ್ತಾರೆ. ಈ ತೀರ್ಮಾನಕ್ಕೆ ಕನ್ನಡದ ಪರಂಪರೆಯೇ ಅಡ್ಡ ನಿಲ್ಲುತ್ತದೆ. ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥವಾದ, 9ನೆಯ ಶತಮಾನದ 'ಕವಿರಾಜಮಾರ್ಗ' ಕಾವ್ಯವಲ್ಲ. ಪದ್ಯ ಕಟ್ಟುವವನು ಯಾವ ದೋಷಗಳನ್ನು ಬಿಡಬೇಕು, ಯಾವ ಗುಣಗಳನ್ನು ಹಿಡಿಯಬೇಕು ಎಂಬುದನ್ನು ಉದಾಹರಣೆಗಳೊಡನೆ ತಿಳಿಸುವ ಕೈಪಿಡಿ. ಸಂಸ್ಕೃತದ ಆಲಂಕಾರಿಕರು ಕಾವ್ಯಕ್ಕೆ ಹುಟ್ಟುಶಕ್ತಿಯಾದ ಪ್ರತಿಭೆಯೊಂದನ್ನೇ ಕಾರಣವೆನ್ನದೆ, ಓದು ಮತ್ತು ಲೋಕಜ್ಞಾನದಿಂದ ಬರುವ ವ್ಯುತ್ಪತ್ತಿಯನ್ನೂ ಬಲ್ಲವರ ಬಳಿ ಮತ್ತೆ ಮತ್ತೆ ಬರೆದು ತಿದ್ದಿಸಿಕೊಳ್ಳುವ ಅಭ್ಯಾಸವನ್ನೂ ಅದರ ಜೊತೆಗಿಟ್ಟರು. 11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು 'ಕವಿಕಂಠಾಭರಣ'ದಲ್ಲಿ ಶಿಷ್ಯರನ್ನು ಅಲ್ಪ ಪ್ರಯತ್ನದಿಂದ ಕಲಿಯುವವರು, ಕಷ್ಟದಿಂದ ಕಲಿಯುವವರು, ಕಲಿಸಲಾಗದವರು ಎಂದು ಮೂರಾಗಿ ವಿಂಗಡಿಸಿ, ಕೊನೆಯ ಗುಂಪಿನಲ್ಲಿ ಹುಟ್ಟಾ ಕಲ್ಲಿನಂಥವರ ಜೊತೆಗೆ ವ್ಯಾಕರಣದಿಂದ ಕೆಟ್ಟವರನ್ನೂ ಸೇರಿಸುತ್ತಾನೆ. ಸಾಹಿತ್ಯ ವಿಭಾಗಗಳು ಈ ಮಾತನ್ನು ನಗುತ್ತಲೇ ಆದರೂ ಗಮನಿಸಬೇಕು.

ಪಶ್ಚಿಮದ ವಿಶ್ವವಿದ್ಯಾಲಯಗಳು ಮಾಡಿದ್ದು ಈ ಅಭ್ಯಾಸಕ್ಕೆ ತರಗತಿಯ ರೂಪ ಕೊಟ್ಟ ಕೆಲಸ. ಅಮೆರಿಕದ ಅಯೋವಾದಲ್ಲಿ 1936ರಲ್ಲಿ ಬರಹಗಾರರ ಕಾರ್ಯಾಗಾರ ಸ್ಥಾಪನೆಯಾಯಿತು. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ 1970ರಲ್ಲಿ ಆಂಗಸ್ ವಿಲ್ಸನ್ ಮತ್ತು ಮಾಲ್ಕಮ್ ಬ್ರಾಡ್ಬರಿ ಸೃಜನಶೀಲ ಬರವಣಿಗೆಯ ಎಂ.ಎ. ಆರಂಭಿಸಿದರು. ಇದೇ ಬ್ರಾಡ್ಬರಿ ಅದಕ್ಕೂ ಮೊದಲು ಬರ್ಮಿಂಗ್‌ಹ್ಯಾಂನಲ್ಲಿ ಯು.ಆರ್. ಅನಂತಮೂರ್ತಿಯವರ ಗುರು, 'ಸಂಸ್ಕಾರ' ಬರೆದ ದಿನಗಳಲ್ಲಿ ಅವರ ಒಡನಾಡಿ. ಈಸ್ಟ್ ಆಂಗ್ಲಿಯಾದಲ್ಲಿ ಕಲಿತ ಕಜುವೊ ಇಶಿಗುರೊಗೆ 2017ರಲ್ಲಿ ನೊಬೆಲ್ ದೊರೆಯಿತು. ಇಂಥ ತರಗತಿಯಲ್ಲಿ ಉಪನ್ಯಾಸಕ್ಕೆ ಹೆಚ್ಚಿನ ಜಾಗವಿಲ್ಲ. ಒಬ್ಬರ ಕರಡನ್ನು ಉಳಿದವರು ಮೊದಲೇ ಓದಿ ಬಂದು ಚರ್ಚಿಸುತ್ತಾರೆ, ಬರೆದವರು ಸಾಮಾನ್ಯವಾಗಿ ಬಾಯಿ ಬಿಡದೆ ಕೇಳಿಸಿಕೊಂಡು ಮತ್ತೆ ಬರೆಯುತ್ತಾರೆ. ಪ್ರತಿಭೆಯನ್ನು ಯಾರೂ ಅಲ್ಲಿ ಹಂಚುವುದಿಲ್ಲ. ಕಲಿಸುವುದು ತಿದ್ದುವ ಶಿಸ್ತನ್ನು. ಮೂರು ಗಂಟೆಯಲ್ಲಿ ಬರೆದೊಪ್ಪಿಸಿದ ಉತ್ತರಪತ್ರಿಕೆಯನ್ನೇ ಬರವಣಿಗೆಯ ಮುಖ್ಯ ಅಳತೆಯಾಗಿಸಿಕೊಂಡ ಪದ್ಧತಿಯಲ್ಲಿ, ಒಮ್ಮೆ ಬರೆದುದನ್ನು ಎರಡನೆಯ ಸಲ ಬರೆಯುವ ಸಂದರ್ಭವೇ ವಿದ್ಯಾರ್ಥಿಗೆ ಒದಗುವುದಿಲ್ಲವೆಂಬುದು ನಮ್ಮ ವ್ಯವಸ್ಥೆಯ ದೊಡ್ಡ ಕೊರತೆ.

ಸಾಹಿತ್ಯ ಓದಿದವರಿಗೆ ಮೇಷ್ಟರ ಕೆಲಸವೊಂದೇ ಗತಿ ಎಂಬ ಮಾತಿಗೆ ಹೆಚ್ಚಿನ ಉತ್ತರ ಬೇಡ. ಪತ್ರಿಕೆ, ಪ್ರಕಾಶನ, ಅನುವಾದ, ಜಾಹೀರಾತು, ಉಪಶೀರ್ಷಿಕೆಗಳೆಲ್ಲ ಬರೆಯುವವರನ್ನೇ ನೆಚ್ಚಿವೆ.

ಅದಕ್ಕಿಂತ ಸೂಕ್ಷ್ಮವಾದ ತಪ್ಪು ಕಲ್ಪನೆಯೆಂದರೆ, ಭಾಷೆ ಚೆನ್ನಾಗಿದ್ದರೆ ವೃತ್ತಿಪರ ಬರವಣಿಗೆ ತಾನಾಗಿ ಬರುತ್ತದೆ ಎಂಬುದು. ವರದಿ, ಸುತ್ತೋಲೆ, ಬಳಕೆದಾರರ ಕೈಪಿಡಿ, ಔಷಧದ ಜೊತೆಯ ಸೂಚನಾಪತ್ರ ಇತ್ಯಾದಿಯಾಗಿ, ಓದುಗ ಒಂದು ಕೆಲಸ ಮಾಡಲೆಂದೇ ಬರೆಯುವ ಬರಹಕ್ಕೆ ಈ ಹೆಸರು. ಕವಿತೆಯಲ್ಲಿ ಮಾತು ಎರಡು ಅರ್ಥ ಕೊಟ್ಟರೆ ಅದು ಸಂಪತ್ತು; ಮಾತ್ರೆಯ ಸೂಚನೆಯಲ್ಲಿ ಕೊಟ್ಟರೆ ಅಪಾಯ. ಸರ್ಕಾರಿ ಪತ್ರಗಳಲ್ಲಿ ಕಾಣುವ "ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಎಂಬ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ, ಆದರೆ ಕ್ರಮ ಯಾವುದು, ಕೈಗೊಳ್ಳುವವರು ಯಾರು, ಯಾವಾಗ ಎಂಬ ಮೂರನ್ನೂ ಅದು ಮರೆಮಾಡುತ್ತದೆ. ಅವನ್ನು ಹೊರಗೆಳೆದು, ಅರ್ಜಿ ಹಾಕಿದವನು ಮುಂದೇನು ಮಾಡಬೇಕೆಂಬುದನ್ನು ಮೊದಲ ಸಾಲಿಗೆ ತರುವುದು ಕಲಿಸಬಹುದಾದ, ಕಲಿಸಲೇಬೇಕಾದ ಕುಶಲತೆ. ಇದಕ್ಕೆ ಬೇಕಾದ ಅರ್ಧ ತರಬೇತಿ ಹಳೆಯ ಪಠ್ಯಕ್ರಮದಲ್ಲೇ ಅಡಗಿದೆ: ಓಲೆಗರಿಯಲ್ಲಿ ಲಿಪಿಕಾರನ ಕಣ್ಣು ಒಂದು ಸಾಲನ್ನು ಹಾರಿಸಿ ಮುಂದಿನದಕ್ಕೆ ಹೋದ ಜಾಗವನ್ನು ಗುರುತಿಸಬಲ್ಲ ವಿದ್ಯಾರ್ಥಿಗೆ, ಅಚ್ಚಿಗೆ ಹೋಗುವ ಕರಡಿನಲ್ಲಿ ಬಿಟ್ಟುಹೋದ ಸಾಲನ್ನು ಹಿಡಿಯುವುದು ಹೊಸ ವಿದ್ಯೆಯೇನಲ್ಲ.